ಕೊಡಗಿನಲ್ಲಿ ವಿಮೆ ಏಜೆನ್ಸಿ ಶುರು ಮಾಡುವುದು: ದಾರಿ ಆರಿಸುವುದರಿಂದ ಮೊದಲ ಕ್ಲೇಮ್ ತನಕ

ಆಗಸ್ಟ್ ತಿಂಗಳಲ್ಲಿ ನನಗೆ ಬರುವ ಫೋನ್‌ಗಳು ಹೆಚ್ಚುಕಮ್ಮಿ ಒಂದೇ ಥರ. ಏಜೆನ್ಸಿ ತೆಗೆದುಕೊಂಡು ಒಂದೆರಡು ವರ್ಷ ಆದ ಹುಡುಗರು, ಹೆಣ್ಣುಮಕ್ಕಳು. "ಅಣ್ಣಾ, ಹೋದ ವರ್ಷ ಮಾಡಿದ 18 ಪಾಲಿಸಿಯಲ್ಲಿ 11 ಲ್ಯಾಪ್ಸ್ ಆಗ್ತಾ ಇವೆ. ಯಾರೂ ಫೋನ್ ಎತ್ತುತ್ತಿಲ್ಲ." ಕಂತು ಕಟ್ಟದೆ ಪಾಲಿಸಿ ನಿಂತುಹೋಗುವುದಕ್ಕೇ ಲ್ಯಾಪ್ಸ್ ಅನ್ನುತ್ತಾರೆ. ಹೊರಗೆ ಮಳೆ, ತೋಟದಲ್ಲಿ ಕೆಲಸ ಇಲ್ಲ, ಮನೆಯಲ್ಲಿ ದುಡ್ಡಿಲ್ಲ. ಕಂತು ಕಟ್ಟಬೇಕಾದವರಿಗೂ ಅದೇ ಕಷ್ಟ.

ಇವರೆಲ್ಲ ಪರೀಕ್ಷೆ ಪಾಸಾದವರು, ಓಡಾಡಿ ದುಡಿದವರು. ಎಡವಿದ್ದು ಕೆಲಸದ ಕ್ರಮದಲ್ಲಿ. ಮೊದಲು ಕಂಪನಿ ಹಿಡಿದರು, ಆಮೇಲೆ ನೆಂಟರಿಗೆ ಪಾಲಿಸಿ ಮಾಡಿಸಿದರು. ಯಾರಿಗೆ ಯಾವ ತಿಂಗಳಲ್ಲಿ ದುಡ್ಡು ಬರುತ್ತದೆ ಅಂತ ಕೊನೆಯವರೆಗೂ ಕೇಳಲೇ ಇಲ್ಲ. ಕೊಡಗಿನಲ್ಲಿ ಈ ಪ್ರಶ್ನೆಯನ್ನು ಮೊದಲು ಕೇಳಬೇಕು. ಕೆಳಗಿನ ಹಂತಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ. ದಯವಿಟ್ಟು ಕ್ರಮ ತಪ್ಪಿಸಬೇಡಿ.

ಹಂತ 1: ಕಂಪನಿಗಿಂತ ಮೊದಲು ಒಂದು ನೋಟ್‌ಬುಕ್

200 ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮನ್ನು ಹೆಸರು ಹಿಡಿದು ಕರೆಯುವಷ್ಟು ಪರಿಚಯ ಇರುವ 100 ಜನರನ್ನು ಬರೆಯಿರಿ. ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ ಇರಲಿ: ಊರು, ದುಡಿಮೆ, ಕೈಗೆ ದುಡ್ಡು ಬರುವ ತಿಂಗಳು, ಈಗಾಗಲೇ ಇರುವ ವಿಮೆ.

ಪುಟ ಹೀಗೆ ಕಾಣಬೇಕು. ಸುಂಟಿಕೊಪ್ಪ ಕಡೆ, 4 ಎಕರೆ ರೊಬಸ್ಟಾ, ಒಳಗೆ ಮೆಣಸು, ಕಾಫಿ ಮಾರುವುದು ಮಾರ್ಚ್‌ನಲ್ಲಿ, ಸೊಸೈಟಿ ಸಾಲ ಇದೆ, ಜೀಪಿಗೆ ಮಾತ್ರ ವಿಮೆ. ಕುಶಾಲನಗರ, ಆಟೋ, ದಿನದ ದುಡಿಮೆ, ಎರಡು ಮಕ್ಕಳು, ಆರೋಗ್ಯ ವಿಮೆ ಇಲ್ಲ. ಪೊನ್ನಂಪೇಟೆ, ಸೇನೆಯಿಂದ ನಿವೃತ್ತಿ, ಪಿಂಚಣಿ, ಇಸಿಎಚ್‌ಎಸ್ (ನಿವೃತ್ತ ಸೈನಿಕರ ಆರೋಗ್ಯ ಯೋಜನೆ) ಇದೆ, ಮಗ ಬೆಂಗಳೂರಿನಲ್ಲಿ, ಅವನಿಗೆ ಆಫೀಸಿನ ವಿಮೆ ಮಾತ್ರ. ಗಾಳಿಬೀಡು, 4 ಕೋಣೆಯ ಹೋಂಸ್ಟೇ, ಮನೆ ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ), ಕಟ್ಟಡಕ್ಕೆ ವಿಮೆ ಇಲ್ಲ.

ನಾಲ್ಕು ಸಾಲು ಬರೆಯುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಈ ನಾಲ್ಕು ಮನೆಗೂ ಬೇಕಾದ ವಿಮೆ ಬೇರೆ ಬೇರೆ. ಜೀವ ವಿಮೆ ಒಂದನ್ನೇ ಇಟ್ಟುಕೊಂಡು ಹೋದರೆ ಮೂರು ಮನೆಯಲ್ಲಿ ಕಾಫಿ ಕುಡಿದು ಸುಮ್ನೆ ವಾಪಸ್ ಬರಬೇಕಾಗುತ್ತದೆ.

ಎಚ್ಚರಿಕೆಯ ಗುರುತು: 100 ಹೆಸರು ತುಂಬಲಿಲ್ಲ, ಅಥವಾ ತುಂಬಿದ ಹೆಸರಲ್ಲಿ ಮುಕ್ಕಾಲು ಭಾಗ ಸ್ವಂತ ನೆಂಟರೇ ಇದ್ದಾರೆ ಅಂದರೆ ಸದ್ಯಕ್ಕೆ ಪರೀಕ್ಷೆಗೆ ಕೂರಬೇಡಿ. ಎರಡು ತಿಂಗಳು ಸಂತೆ, ಸೊಸೈಟಿ, ಸ್ವಸಹಾಯ ಸಂಘದ ಸಭೆ ಅಂತ ಓಡಾಡಿ ಪರಿಚಯ ಬೆಳೆಸಿಕೊಳ್ಳಿ. ನೆಂಟರು ಮುಖ ನೋಡಿ ಒಂದು ಕಂತು ಕಟ್ಟುತ್ತಾರೆ. ಎರಡನೇ ಕಂತನ್ನು ಯಾರೂ ಮುಖ ನೋಡಿ ಕಟ್ಟುವುದಿಲ್ಲ.

ಹಂತ 2: ನಿಮಗೆ ಯಾವ ದಾರಿ?

"ಏಜೆಂಟ್" ಅನ್ನುವ ಒಂದೇ ಪದದ ಹಿಂದೆ ಹಲವು ದಾರಿಗಳಿವೆ. ಇಲ್ಲಿ ಅವಸರ ಮಾಡಿದವರೇ ಆಮೇಲೆ ಜಾಸ್ತಿ ಪೇಚಾಡುತ್ತಾರೆ.

ವೈಯಕ್ತಿಕ ಏಜೆಂಟ್. ಬಹುಪಾಲು ಜನ ಹೋಗುವ ದಾರಿ ಇದು. 18 ವರ್ಷ ಆಗಿರಬೇಕು, 10ನೇ ತರಗತಿ ಪಾಸಾಗಿರಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2016ರಲ್ಲಿ ತಂದ ನಿಯಮದ ಪ್ರಕಾರ ನೇಮಕ ಮಾಡುವುದು ಕಂಪನಿಯೇ. ಒಬ್ಬ ಏಜೆಂಟ್ ಒಂದು ಜೀವ ವಿಮೆ ಕಂಪನಿ, ಒಂದು ಸಾಮಾನ್ಯ ವಿಮೆ ಕಂಪನಿ, ಒಂದು ಆರೋಗ್ಯ ವಿಮೆ ಕಂಪನಿ ಇಟ್ಟುಕೊಳ್ಳಬಹುದು. ಹೀಗೆ ಒಂದಕ್ಕಿಂತ ಹೆಚ್ಚು ಇಟ್ಟುಕೊಂಡವರನ್ನು ಕಾಂಪೋಸಿಟ್ ಏಜೆಂಟ್ ಅನ್ನುತ್ತಾರೆ. ಎರಡು ಜೀವ ವಿಮೆ ಕಂಪನಿಗೆ ಒಟ್ಟಿಗೆ ಕೆಲಸ ಮಾಡುವಂತಿಲ್ಲ. ಕೊಡಗಿನ ಹಳ್ಳಿಗಳಲ್ಲಿ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಕಾಂಪೋಸಿಟ್ ದಾರಿಯನ್ನೇ. ಒಂದೇ ಬೈಕ್ ಪ್ರಯಾಣದಲ್ಲಿ ಒಂದೇ ಮನೆಯ ಜೀಪು, ಆರೋಗ್ಯ, ಜೀವ ಮೂರನ್ನೂ ನೋಡಬಹುದು. ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿಲೋಮೀಟರ್. ಒಂದು ಸ್ಕೂಟರ್ ಪಾಲಿಸಿಗೆ ಅಷ್ಟು ದೂರ ಹೋಗಿ ಬಂದರೆ ಕಮಿಷನ್ ಪೆಟ್ರೋಲಿಗೂ ಸಾಲದು.

ಪಿಒಎಸ್‌ಪಿ, ಅಂದರೆ ಪಾಯಿಂಟ್ ಆಫ್ ಸೇಲ್ಸ್ ಪರ್ಸನ್. ಕಂಪನಿಯ ಅಡಿಯಲ್ಲಿ ಅಥವಾ ಹಲವು ಕಂಪನಿಗಳ ಪಾಲಿಸಿ ಮಾರುವ ಬ್ರೋಕರ್ ಅಡಿಯಲ್ಲಿ ಸೇರುವ ದಾರಿ. ಇದಕ್ಕೂ 10ನೇ ತರಗತಿ ಸಾಕು. 15 ಗಂಟೆ ತರಬೇತಿ, ಆಮೇಲೆ ಒಂದು ಪರೀಕ್ಷೆ. ಬ್ರೋಕರ್ ಮೂಲಕ ಸೇರಿದರೆ ಹಲವು ಕಂಪನಿಗಳ ದರವನ್ನು ಫೋನಿನಲ್ಲೇ ಹೋಲಿಸಿ ತೋರಿಸಬಹುದು. ವಾಹನ ವಿಮೆಗೆ ಬಹಳ ಅನುಕೂಲ. ಕೊರತೆ ಏನೆಂದರೆ ಸರಳ, ಮೊದಲೇ ನಿಗದಿಯಾದ ಪಾಲಿಸಿಗಳನ್ನು ಮಾತ್ರ ಮಾರಬಹುದು. ಜೆರಾಕ್ಸ್ ಅಂಗಡಿ, ಗ್ಯಾರೇಜ್, ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಗಿರಾಕಿ ಅವರ ಬಾಗಿಲಿಗೇ ಬರುತ್ತಾನೆ ಅಲ್ವಾ.

ವಿಮಾ ಮಾರ್ಕೆಟಿಂಗ್ ಸಂಸ್ಥೆ. ಏಜೆನ್ಸಿಯನ್ನು ಒಂದು ಸಂಸ್ಥೆಯಾಗಿ, ನೌಕರರನ್ನಿಟ್ಟು ನಡೆಸಬೇಕು ಅನ್ನುವವರಿಗೆ. 10 ಲಕ್ಷ ರೂಪಾಯಿ ನಿವ್ವಳ ಆಸ್ತಿ ಬೇಕು. ಮಹತ್ವಾಕಾಂಕ್ಷಿ ಜಿಲ್ಲೆ ಅಂತ ಗುರುತಿಸಿದ ಕಡೆ 5 ಲಕ್ಷ ಸಾಕು. ಆದರೆ ಕರ್ನಾಟಕದಲ್ಲಿ ಆ ಪಟ್ಟಿಗೆ ಸೇರಿರುವುದು ರಾಯಚೂರು ಮತ್ತು ಯಾದಗಿರಿ, ಕೊಡಗು ಅಲ್ಲ. 2022ರ ತಿದ್ದುಪಡಿ ಆದ ಮೇಲೆ ಜೀವ, ಸಾಮಾನ್ಯ, ಆರೋಗ್ಯ ಮೂರರಲ್ಲೂ ತಲಾ 6 ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. ಮೊದಲ ವರ್ಷವೇ ಇದಕ್ಕೆ ಕೈ ಹಾಕಬೇಡಿ. ನಾಲ್ಕೈದು ವರ್ಷ ವೈಯಕ್ತಿಕವಾಗಿ ದುಡಿದು, ರಿನ್ಯೂವಲ್ ಆದಾಯ, ಅಂದರೆ ಹಳೆಯ ಪಾಲಿಸಿಗಳ ಕಂತಿನಿಂದ ಪ್ರತಿ ವರ್ಷ ಬರುವ ಕಮಿಷನ್, ಗಟ್ಟಿಯಾದ ಮೇಲೆ ಯೋಚಿಸಿ.

ಕಾರ್ಪೊರೇಟ್ ಏಜೆನ್ಸಿಗೆ 50 ಲಕ್ಷ, ನೇರ ಬ್ರೋಕರ್ ಆಗಲು 75 ಲಕ್ಷ ಬಂಡವಾಳ ಬೇಕು. ನಮ್ಮಂಥವರ ಮೊದಲ ಹೆಜ್ಜೆಗೆ ಇವು ಬೇಡ.

ಹಳ್ಳಿ ಕಡೆ ಇನ್ನೊಂದು ದಾರಿ ಇದೆ, ಜನ ಮರೆತುಬಿಡುತ್ತಾರೆ. ಗ್ರಾಮೀಣ ಅಂಚೆ ಜೀವ ವಿಮೆ. ಇದರ ನೇರ ಏಜೆಂಟರನ್ನು ಅಂಚೆ ಇಲಾಖೆಯೇ ತೆಗೆದುಕೊಳ್ಳುತ್ತದೆ. ನಾಪೋಕ್ಲು, ಶನಿವಾರಸಂತೆ ಕಡೆ ಅಂಚೆ ಕಚೇರಿ ಮೇಲೆ ಇರುವ ನಂಬಿಕೆ ದೊಡ್ಡದು.

ಸಂಬಳದ ಕೆಲಸವೇ ಬೇಕು ಅನ್ನುವವರು ಬೇರೆ. ಡಿಗ್ರಿ ಇದ್ದರೆ ಎಲ್‌ಐಸಿಯ ಅಭಿವೃದ್ಧಿ ಅಧಿಕಾರಿ ಹುದ್ದೆಗೆ ಪರೀಕ್ಷೆ ಬರೆಯಬಹುದು. ಆ ನೇಮಕಾತಿಯಲ್ಲಿ ಏಜೆಂಟರಿಗೂ ಪ್ರತ್ಯೇಕ ವರ್ಗ ಇರುತ್ತದೆ. ಹಾಗಾಗಿ ಎರಡು ಮೂರು ವರ್ಷ ಏಜೆಂಟ್ ಆಗಿ ದುಡಿದದ್ದು ಆಗ ಉಪಯೋಗಕ್ಕೆ ಬರುತ್ತದೆ. ಖಾಸಗಿ ಕಂಪನಿಗಳ ಏಜೆನ್ಸಿ ಮ್ಯಾನೇಜರ್ ಕೆಲಸದಲ್ಲಿ ಸಂಬಳ ಇದೆ, ಗುರಿಯ ಒತ್ತಡವೂ ಇದೆ. ಗುರಿ ತಪ್ಪಿದರೆ ಕೆಲಸ ಹೋಗುತ್ತದೆ. ನೀವು ಕಟ್ಟಿದ ಗಿರಾಕಿಗಳು ಕಂಪನಿಯ ಹತ್ತಿರವೇ ಉಳಿಯುತ್ತಾರೆ.

ಒಂದು ಲೆಕ್ಕ ಮಾಡಿ ನೋಡಿ. ದರಗಳು ಲೆಕ್ಕಕ್ಕೆ ಮಾತ್ರ, ನಿಜವಾದ ದರವನ್ನು ಆಯಾ ಕಂಪನಿಯ ಆಡಳಿತ ಮಂಡಳಿ ತೀರ್ಮಾನಿಸುತ್ತದೆ. ವರ್ಷಕ್ಕೆ 20,000 ರೂಪಾಯಿ ಕಂತಿನ ಪಾಲಿಸಿ. ಮೊದಲ ವರ್ಷ 25%, ಆಮೇಲೆ 5% ಅಂದುಕೊಳ್ಳಿ. ಮೊದಲ ವರ್ಷ 5,000, ನಂತರ ವರ್ಷಕ್ಕೆ 1,000. ಇಂಥ 100 ಪಾಲಿಸಿ ಉಳಿದುಕೊಂಡರೆ ಹೊಸ ಮಾರಾಟ ಇಲ್ಲದೆಯೇ ವರ್ಷಕ್ಕೆ 1 ಲಕ್ಷ. 60 ಲ್ಯಾಪ್ಸ್ ಆದರೆ 40,000. ಏಜೆನ್ಸಿಯಲ್ಲಿ ಬದುಕು ಕಟ್ಟಿಕೊಂಡವರೆಲ್ಲ ಆ 1,000ವನ್ನು ಕಾಪಾಡಿಕೊಂಡವರು. 5,000ದ ಹಿಂದೆ ಬಿದ್ದವರು ಮೂರನೇ ವರ್ಷಕ್ಕೆ ಕೈ ಬಿಟ್ಟಿದ್ದಾರೆ.

ಹಂತ 3: ಕಾಗದ ಪತ್ರ, ಸಾಮಾನು

10ನೇ ತರಗತಿ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಫೋಟೋ. ಇಷ್ಟೇ. ಆದರೆ ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಇರಬೇಕು. ನಮ್ಮಲ್ಲಿ ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬರೀ ಇನಿಷಿಯಲ್. ಅರ್ಜಿ ವಾಪಸ್ ಬರುವುದು ಇದೇ ಕಾರಣಕ್ಕೆ. ಮೊದಲು ಅದನ್ನು ಸರಿಮಾಡಿಸಿ.

ಸಾಮಾನಿನ ವಿಷಯಕ್ಕೆ ಬಂದರೆ, ಎರಡು ಸಿಮ್ ಹಾಕುವ ಫೋನ್ ಇರಲಿ. ಮಳೆಗಾಲದಲ್ಲಿ ಒಂದು ನೆಟ್‌ವರ್ಕ್ ಹೋದರೆ ಇನ್ನೊಂದು ಬೇಕು. ಒಂದು ಪವರ್ ಬ್ಯಾಂಕ್. ಕಾಗದ ನೆನೆಯದ ಹಾಗೆ ಜಿಪ್ ಇರುವ ಪ್ಲಾಸ್ಟಿಕ್ ಫೋಲ್ಡರ್. ಬಾಡಿಗೆ ಅಂಗಡಿ, ಬೋರ್ಡ್, ಲ್ಯಾಪ್‌ಟಾಪ್ ಈಗಲೇ ಬೇಡ. ರಿನ್ಯೂವಲ್ ಕಮಿಷನ್‌ನಿಂದಲೇ ಬಾಡಿಗೆ ಕಟ್ಟುವಷ್ಟು ಆದ ಮೇಲೆ ಅಂಗಡಿ ನೋಡಿ.

ಹಂತ 4: ತರಬೇತಿ ಮತ್ತು ಪರೀಕ್ಷೆ

ಏಜೆಂಟರ ಪರೀಕ್ಷೆಯ ಪುಸ್ತಕಕ್ಕೆ ಐಸಿ-38 ಅನ್ನುತ್ತಾರೆ. ಕನ್ನಡದಲ್ಲೂ ಸಿಗುತ್ತದೆ. ಪರೀಕ್ಷೆ ಕಂಪ್ಯೂಟರ್‌ನಲ್ಲಿ, 50 ಪ್ರಶ್ನೆ, 1 ಗಂಟೆ, ಪಾಸಾಗಲು 35%. ಕಷ್ಟದ ಪರೀಕ್ಷೆ ಅಲ್ಲ. ಆದರೂ ಜನ ಫೇಲ್ ಆಗುತ್ತಾರೆ. ಎರಡು ಕಾರಣ ನೋಡಿದ್ದೇನೆ.

ಒಂದು, ಭಾಷೆ. ಫಾರಂ ತುಂಬುವ ಆಫೀಸಿನವರು ಇಂಗ್ಲಿಷ್ ಅಂತ ಒತ್ತಿಬಿಡುತ್ತಾರೆ. ಕನ್ನಡದಲ್ಲಿ ಓದಿದವರು ಪರದೆ ಮುಂದೆ ಕೂತಾಗ ಗಾಬರಿಯಾಗುತ್ತಾರೆ. ಫಾರಂ ತುಂಬುವಾಗ ಪಕ್ಕದಲ್ಲೇ ನಿಂತು ಭಾಷೆ ನೋಡಿಕೊಳ್ಳಿ. ಎರಡು, ಮೌಸ್ ಹಿಡಿದು ಅಭ್ಯಾಸ ಇಲ್ಲದಿರುವುದು. ಹಿಂದಿನ ವಾರ ಯಾವುದಾದರೂ ಸೈಬರ್ ಸೆಂಟರಿನಲ್ಲಿ ಎರಡು ಗಂಟೆ ಕೂತು ಅಭ್ಯಾಸ ಮಾಡಿ. ಕೇಂದ್ರ ದೂರ ಇದ್ದರೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಜುಲೈನಲ್ಲಿ ಘಾಟಿ ರಸ್ತೆ ನಂಬಿ ಬೆಳಿಗ್ಗೆ ಹೊರಡಬೇಡಿ.

ಪಾಸಾದ ಪ್ರಮಾಣಪತ್ರ ಮೊದಲ ನೇಮಕಕ್ಕೆ 12 ತಿಂಗಳು ಮಾತ್ರ ಚಾಲ್ತಿ. "ಆಮೇಲೆ ನೋಡೋಣ" ಅಂತ ಬಿಟ್ಟರೆ ಮತ್ತೆ ಬರೆಯಬೇಕು.

ಇನ್ನೊಂದು ಮಾತು. ಬೇರೆಯವರಿಂದ ಪರೀಕ್ಷೆ ಬರೆಸುತ್ತೇವೆ, ಹೆಂಡತಿ ಹೆಸರಲ್ಲಿ ಕೋಡ್ (ಕಂಪನಿ ಕೊಡುವ ಏಜೆಂಟ್ ನಂಬರ್) ಮಾಡಿಸಿ ನೀವು ಓಡಾಡಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕೋಡ್ ಯಾರ ಹೆಸರಲ್ಲಿ ಇದೆಯೋ ಅವರೇ ಕೆಲಸ ಮಾಡಬೇಕು, ತಪ್ಪಾದರೆ ಹೊಣೆಯೂ ಅವರ ತಲೆಗೇ ಬರುತ್ತದೆ.

ಹಂತ 5: ಸಹಿ ಹಾಕುವ ಮೊದಲು ಕೇಳಬೇಕಾದ್ದು

ಕಂಪನಿಯವರು ಫಾರಂ ಮುಂದಿಟ್ಟಾಗ ಪೆನ್ನು ತೆಗೆಯುವ ಮೊದಲು ಇಷ್ಟು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ವರ್ಷಕ್ಕೆ ಕನಿಷ್ಠ ಎಷ್ಟು ವ್ಯವಹಾರ ಮಾಡಬೇಕು? ಮಾಡದಿದ್ದರೆ ಕೋಡ್ ಏನಾಗುತ್ತದೆ? ಪಾಲಿಸಿ ಬೇಗ ಲ್ಯಾಪ್ಸ್ ಆದರೆ ಅಥವಾ ಸರೆಂಡರ್ ಆದರೆ (ಗಿರಾಕಿ ಅವಧಿಗೆ ಮುಂಚೆಯೇ ಪಾಲಿಸಿ ಮುಗಿಸಿಕೊಂಡರೆ) ಕೊಟ್ಟ ಕಮಿಷನ್ ವಾಪಸ್ ಹಿಡಿಯುತ್ತೀರಾ? ನಾನು ಸತ್ತರೆ ರಿನ್ಯೂವಲ್ ಕಮಿಷನ್ ಮನೆಯವರಿಗೆ ಬರುತ್ತದೆಯೇ? ಕೊಡಗಿನಲ್ಲಿ ನಿಮ್ಮ ಸರ್ವಿಸ್ ಆಫೀಸ್ ಎಲ್ಲಿದೆ?

ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ನಾನು ಮೊದಲು ಸೇರಿದ ಒಂದು ಕಂಪನಿಗೆ ಜಿಲ್ಲೆಯಲ್ಲಿ ಇದ್ದದ್ದು ಬಾಡಿಗೆಯ ಒಂದು ಕೋಣೆ. ಎರಡನೇ ವರ್ಷ ಅದನ್ನೂ ಮುಚ್ಚಿದರು. ಒಂದು ಸಹಿ ಬದಲಾವಣೆಗೂ ಗಿರಾಕಿಯನ್ನು ಕರೆದುಕೊಂಡು ಮೈಸೂರಿಗೆ ಹೋಗಬೇಕಾಯಿತು. ಬಸ್ಸಿನಲ್ಲಿ ಆ ಹಿರಿಯರು ಒಂದು ಮಾತೂ ಆಡಲಿಲ್ಲ. ಇವತ್ತಿಗೂ ನನಗೆ ಅದು ನೋವು.

ಆರೋಗ್ಯ ವಿಮೆ ಕಂಪನಿ ಆರಿಸುವಾಗ ನಗದುರಹಿತ ಆಸ್ಪತ್ರೆಗಳ ಪಟ್ಟಿ ತೆಗೆಸಿ. ನಮ್ಮವರು ದೊಡ್ಡ ಕಾಯಿಲೆಗೆ ಹೋಗುವುದು ಮೈಸೂರು ಇಲ್ಲವೇ ಮಂಗಳೂರು. ಆ ಎರಡು ಊರಿನಲ್ಲಿ ನಿಮ್ಮ ಜನ ನಂಬುವ ಆಸ್ಪತ್ರೆಗಳು ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಕಂಪನಿ ನಮಗೆ ಆಗುವುದಿಲ್ಲ.

ಎಚ್ಚರಿಕೆಯ ಗುರುತು: ಸೇರಲು ಠೇವಣಿ ಕೇಳುವವರು. "ನಿಮ್ಮ ಕೆಳಗೆ ಹತ್ತು ಜನರನ್ನು ಸೇರಿಸಿ" ಅನ್ನುವವರು. ಮೊದಲು ನಿಮ್ಮ ಸ್ವಂತ ಪಾಲಿಸಿ, ಆಮೇಲೆ ಅಪ್ಪ ಅಮ್ಮನದು ಮಾಡಿ ಅಂತ ತಿಂಗಳ ಕೊನೆಯಲ್ಲಿ ಪೀಡಿಸುವವರು.

ಹಂತ 6: ಮೊದಲ 3 ತಿಂಗಳು ಏನನ್ನು ಮೊದಲು ಹೇಳಬೇಕು

ಹೊಸಬರು ದೊಡ್ಡ ಕಂತಿನ ಉಳಿತಾಯ ಪಾಲಿಸಿಯಿಂದ ಶುರು ಮಾಡುತ್ತಾರೆ. ನಾನು ಹೇಳುವ ಕ್ರಮ ಬೇರೆ.

ಮೊದಲು ವಾಹನ. ಕಾನೂನು ಪ್ರಕಾರ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ ವಿಮೆ, ಕಡ್ಡಾಯ. ಹಾಗಾಗಿ ಯಾರನ್ನೂ ಒಪ್ಪಿಸಬೇಕಾಗಿಲ್ಲ, ಮುಗಿಯುವ ದಿನ ಗೊತ್ತಿದ್ದರೆ ಸಾಕು. ನೋಟ್‌ಬುಕ್‌ನಲ್ಲಿ ಆ ದಿನ ಬರೆದುಕೊಳ್ಳಿ, 15 ದಿನ ಮೊದಲು ಫೋನ್ ಮಾಡಿ. ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಹೋಗುತ್ತದೆ. ಒಂದು ಎಚ್ಚರಿಕೆ ಇದೆ. ಬಿಳಿ ಬೋರ್ಡ್ ಜೀಪಿನಲ್ಲಿ ಬಾಡಿಗೆಗೆ ಪ್ರವಾಸಿಗರನ್ನು ಕೂರಿಸಿಕೊಂಡು ಗುಡ್ಡ ಹತ್ತುವವರಿದ್ದಾರೆ. ಖಾಸಗಿ ಪಾಲಿಸಿಯಲ್ಲಿ ಹಾಗೆ ಓಡಿಸುವಾಗ ಅಪಘಾತವಾದರೆ ಕ್ಲೇಮ್ ತಿರಸ್ಕಾರವಾಗಬಹುದು. ಪಾಲಿಸಿ ಮಾಡುವ ದಿನವೇ ಇದನ್ನು ಬಾಯಿ ಬಿಟ್ಟು ಹೇಳಿ.

ಎರಡನೆಯದು ಆರೋಗ್ಯ. ಇಲ್ಲಿ ಮೊದಲು ಕೇಳಬೇಕಾದ್ದು "ಏನಿದೆ" ಅಂತ. ಇಸಿಎಚ್‌ಎಸ್ ಇರುವ ನಿವೃತ್ತ ಸೈನಿಕರಿಗೆ ಇನ್ನೊಂದು ಆರೋಗ್ಯ ಪಾಲಿಸಿ ಹೇರಬೇಡಿ, ದುಡಿಯುವ ಮಗನಿಗೆ ಏನಿದೆ ಕೇಳಿ. ಸೊಸೈಟಿ ಸದಸ್ಯರಾದರೆ ಯಶಸ್ವಿನಿ ಆರೋಗ್ಯ ಯೋಜನೆ ಇದೆಯಾ ನೋಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಗೆ ಇದ್ದ 18% ಜಿಎಸ್‌ಟಿ ಹೋಗಿದೆ. ಹಳೆಯ ದರ ಕೇಳಿ ಬೇಡ ಅಂದವರ ಮನೆಗೆ ಮತ್ತೆ ಹೋಗಲು ಇದು ಒಳ್ಳೆಯ ಕಾರಣ.

ಮೂರನೆಯದು ಮನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದದ್ದು ಯಾರಿಗೂ ಮರೆತಿಲ್ಲ. ಆದರೂ ಮನೆಗೆ ವಿಮೆ ಮಾಡಿಸಿದವರು ತೀರಾ ಕಮ್ಮಿ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮೆ ಕಂಪನಿಗಳು ಭಾರತ್ ಗೃಹ ರಕ್ಷಾ ಅನ್ನುವ ಒಂದೇ ಮಾದರಿಯ ಪಾಲಿಸಿ ಕೊಡುತ್ತಿವೆ. ಬೆಂಕಿ, ನೆರೆ, ಬಿರುಗಾಳಿ ಜೊತೆ ಭೂಕುಸಿತವೂ ಇದರಲ್ಲಿ ಸೇರಿದೆ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ 20%, ಗರಿಷ್ಠ 10 ಲಕ್ಷದವರೆಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಇದು ವಾಸದ ಮನೆಗೆ. ಹೋಂಸ್ಟೇ ಅಂದರೆ ವ್ಯಾಪಾರ, ಅದನ್ನು ಮುಚ್ಚಿಟ್ಟು ವಾಸದ ಮನೆ ಅಂತ ಬರೆಸಬೇಡಿ. ಕಂಪನಿಗೆ ತಿಳಿಸಿ, ವ್ಯಾಪಾರದ ಪಾಲಿಸಿ ಕೇಳಿ. ಈ ಪಾಲಿಸಿಗಳ ಕಮಿಷನ್ ಸಣ್ಣದು. ಆದರೆ ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳದ ಏಜೆಂಟ್ ತನ್ನ ಕೆಲಸ ಮಾಡಿಲ್ಲ ಅಂತಲೇ ನನ್ನ ಅಭಿಪ್ರಾಯ.

ತೋಟದ ಮಾಲೀಕರಿಗೆ ಇನ್ನೊಂದು ಬೇಕು. ಮೆಣಸು ಕುಯ್ಯಲು ಏಣಿ ಹತ್ತುವ ಕೆಲಸಗಾರ ಬಿದ್ದರೆ ಪರಿಹಾರದ ಹೊಣೆ ಮಾಲೀಕರದ್ದು. ಆ ಹೊಣೆಗೆ ವಿಮೆ ಸಿಗುತ್ತದೆ. ಕುಯ್ಲು ಶುರುವಾಗುವ ಮುಂಚೆ ಇದರ ಮಾತು ಎತ್ತಿ.

ಲೈನ್ ಮನೆಯವರಿಗೆ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೆಲಸಗಾರರಿಗೆ, ಮೊದಲು ಹೇಳಬೇಕಾದ್ದು ಬ್ಯಾಂಕ್ ಮೂಲಕ ಸಿಗುವ ಎರಡು ಸರ್ಕಾರಿ ಯೋಜನೆಗಳನ್ನು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ, ವರ್ಷಕ್ಕೆ 20 ರೂಪಾಯಿ. ಜೀವನ್ ಜ್ಯೋತಿ, ವರ್ಷಕ್ಕೆ 436 ರೂಪಾಯಿ. ಎರಡರಲ್ಲೂ 2 ಲಕ್ಷದ ರಕ್ಷಣೆ, ಮೊದಲನೆಯದು ಅಪಘಾತಕ್ಕೆ ಮಾತ್ರ. ನಿಮಗೆ ಇದರಿಂದ ಏನೂ ಸಿಗಲ್ಲ. ಆದರೂ ಹೇಳಿ. ವಾರದ ಬಟವಾಡೆ ನಂಬಿದ ಮನೆಗೆ ತಿಂಗಳಿಗೆ 2,000ದ ಉಳಿತಾಯ ಪಾಲಿಸಿ ಮಾಡಿಸಿದರೆ ಅದು ಉಳಿಯುವುದಿಲ್ಲ, ಅವರ ದುಡ್ಡೂ ಹೋಗುತ್ತದೆ.

ಇಷ್ಟಾದ ಮೇಲೆ ಜೀವ ವಿಮೆ. ಸಾಲ ಇರುವ, ಸಣ್ಣ ಮಕ್ಕಳಿರುವ ಮನೆಗೆ ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ಸಾವಾದರೆ ಮಾತ್ರ ಹಣ ಬರುವ ಪಾಲಿಸಿ, ಮೊದಲು. ಉಳಿತಾಯ ಪಾಲಿಸಿ ಅದರ ನಂತರ.

ಹಂತ 7: ಪ್ರಪೋಸಲ್ ಫಾರಂ

ಪಾಲಿಸಿ ಕೇಳಿ ಗಿರಾಕಿ ಹಾಕುವ ಅರ್ಜಿ ಇದು. ಇಡೀ ಕೆಲಸದಲ್ಲಿ ಅತಿ ಮುಖ್ಯ ಅರ್ಧ ಗಂಟೆ ಇದನ್ನು ತುಂಬುವಾಗಿನದು. ನಡೆಯುವುದು ಹೀಗೆ. ಕಾಫಿ ಕಣದ ಪಕ್ಕ ಕುರ್ಚಿ ಹಾಕಿ ಕೂತಿರುತ್ತೀರಿ. ಹೆಸರು, ವಿಳಾಸ, ನಾಮಿನಿ ಎಲ್ಲ ಆಯಿತು. ಆರೋಗ್ಯದ ಪುಟ ಬರುತ್ತದೆ. "ಶುಗರ್ ಇದೆಯಾ ಅಣ್ಣ?" ಅವರು ಕಣದ ಕಡೆ ನೋಡುತ್ತಾ, "ಸ್ವಲ್ಪ ಇದೆ ಮಾರಾಯ, ಮಾತ್ರೆ ತಗೊಳ್ತೇನೆ. ಅದೆಲ್ಲ ಬರೀಬೇಡ" ಅನ್ನುತ್ತಾರೆ.

ಅಲ್ಲಿ ಪೆನ್ನು ಕೆಳಗಿಡಿ. ಬರೆದರೆ ಏನಾಗುತ್ತದೆ ಹೇಳಿ: ಕಂತು ಸ್ವಲ್ಪ ಏರಬಹುದು, ವೈದ್ಯಕೀಯ ಪರೀಕ್ಷೆ ಕೇಳಬಹುದು. ಆರೋಗ್ಯ ವಿಮೆಯಲ್ಲಾದರೆ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಬೇಕಾಗಬಹುದು. ಬರೆಯದಿದ್ದರೆ ಏನಾಗುತ್ತದೆ ಅದನ್ನೂ ಹೇಳಿ: ಜೀವ ವಿಮೆಯಲ್ಲಿ ಮೊದಲ 3 ವರ್ಷದೊಳಗೆ ಸಾವಾದರೆ ಕಂಪನಿ ಹಳೆಯ ಚೀಟಿಗಳನ್ನೆಲ್ಲ ಕೆದಕಬಹುದು, ಮುಚ್ಚಿಟ್ಟದ್ದು ಸಿಕ್ಕರೆ ಹಣ ಬರುವುದಿಲ್ಲ. ಆಗ ಮನೆಯವರು ಬಂದು ನಿಲ್ಲುವುದು ನಿಮ್ಮ ಬಾಗಿಲಿಗೆ. ಇಷ್ಟು ಹೇಳಿದ ಮೇಲೂ "ಬೇಡ" ಅಂದರೆ ಆ ಫಾರಂ ವಾಪಸ್ ಫೋಲ್ಡರಿಗೆ ಹಾಕಿ. ನಾನು ಹಾಗೆ ಎದ್ದು ಬಂದ ಮನೆಗಳಲ್ಲಿ ಎರಡು ಮನೆಯವರು ಆಮೇಲೆ ತಾವೇ ಕರೆದು, ಇದ್ದದ್ದು ಇದ್ದ ಹಾಗೆ ಬರೆಸಿದ್ದಾರೆ.

ಫಾರಂ ಗಿರಾಕಿಗೆ ಬಾರದ ಭಾಷೆಯಲ್ಲಿ ಇದ್ದರೆ, ಅಥವಾ ಹೆಬ್ಬೆಟ್ಟು ಒತ್ತಿದರೆ, ಓದಿ ವಿವರಿಸಿದವರ ಘೋಷಣೆ ಬೇಕು. ಸುಮ್ನೆ ಯಾರದೋ ಸಹಿ ಹಾಕಿಸಬೇಡಿ. ಮೊಬೈಲ್ ನಂಬರ್ ಜಾಗದಲ್ಲಿ ನಿಮ್ಮ ನಂಬರ್ ಬರೆಯಬೇಡಿ. ಬಹಳ ಜನ ಹೊಸಬರು ಇದನ್ನು ಉಪಕಾರ ಅಂತ ಮಾಡುತ್ತಾರೆ. ಕಂಪನಿಯ ಒಂದು ಸಂದೇಶವೂ ಆಮೇಲೆ ಗಿರಾಕಿಗೆ ತಲುಪುವುದಿಲ್ಲ. ಬಾಂಡ್, ಅಂದರೆ ಪಾಲಿಸಿ ಪತ್ರ, ಕೈಗೆ ಬಂದ ಮೇಲೆ ಇಷ್ಟವಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಕೊಡಬಹುದು ಅನ್ನುವುದನ್ನು ನೀವೇ ಹೇಳಿ.

ಹಂತ 8: ಕಂತು ಯಾವ ತಿಂಗಳಿಗೆ ಬೀಳಬೇಕು

ಆಗಸ್ಟ್‌ನ ಫೋನ್‌ಗಳಿಗೆ ಉತ್ತರ ಈ ಹಂತದಲ್ಲಿದೆ.

ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿ. ರೊಬಸ್ಟಾ ಜನವರಿಯಿಂದ ಮಾರ್ಚ್. ಮೆಣಸೂ ಹೆಚ್ಚುಕಮ್ಮಿ ಆ ಹೊತ್ತಿಗೇ. ಅಂದರೆ ಸಣ್ಣ ಬೆಳೆಗಾರರ ಕೈಯಲ್ಲಿ ದುಡ್ಡು ಇರುವುದು ಫೆಬ್ರವರಿಯಿಂದ ಏಪ್ರಿಲ್. ಜೂನ್‌ನಲ್ಲಿ ಶಾಲೆ ಫೀಸು, ಗೊಬ್ಬರ, ಕೆಲಸದವರ ಸಂಬಳ. ಜುಲೈ, ಆಗಸ್ಟ್ ಖಾಲಿ. ಜೂನ್‌ನಲ್ಲಿ ಶುರುವಾದ ತಿಂಗಳ ಕಂತಿನ ಪಾಲಿಸಿ ಮೂರನೇ ತಿಂಗಳಿಗೇ ನಿಲ್ಲುವುದು ಇದಕ್ಕೇ. ತಿಂಗಳ ಕಂತಿಗೆ ಗ್ರೇಸ್ (ಕಟ್ಟುವ ದಿನ ದಾಟಿದ ಮೇಲೆ ಸಿಗುವ ಸಮಯ) 15 ದಿನ ಮಾತ್ರ, ಉಳಿದವಕ್ಕೆ 30 ದಿನ.

ಹಾಗಾಗಿ ಬೆಳೆಗಾರರಿಗೆ ವರ್ಷದ ಕಂತು ಮಾಡಿ. ಶುರುವಿನ ದಿನಾಂಕ ಫೆಬ್ರವರಿ, ಮಾರ್ಚ್, ಏಪ್ರಿಲ್‌ನೊಳಗೆ ಬೀಳಲಿ. ಹಾಗಂತ ಜೂನ್‌ನಲ್ಲಿ ಟರ್ಮ್ ಕೇಳಿ ಬಂದವರನ್ನು ಮಾರ್ಚ್ ತನಕ ಕಾಯಿಸಬೇಡಿ. ಅಪಾಯ ತಿಂಗಳು ನೋಡಿ ಬರುವುದಿಲ್ಲ. ಕೆಲವು ಜೀವ ವಿಮೆ ಪಾಲಿಸಿಗಳಲ್ಲಿ ಅದೇ ಹಣಕಾಸು ವರ್ಷದ ಹಿಂದಿನ ದಿನಾಂಕ ಹಾಕಿಸಲು ಅವಕಾಶ ಇರುತ್ತದೆ. ಜೂನ್‌ನ ಪಾಲಿಸಿಗೆ ಏಪ್ರಿಲ್ ದಿನಾಂಕ ಸಿಕ್ಕರೆ ಮುಂದಿನ ಕಂತು ಕಾಫಿ ದುಡ್ಡಿನ ಹತ್ತಿರಕ್ಕೆ ಬರುತ್ತದೆ. ಶಾಖೆಯಲ್ಲಿ ಕೇಳಿ.

"ಕಾಫಿ ಯಾವಾಗ ಮಾರ್ತೀರಿ?" ಅಂತ ಪ್ರತಿಯೊಬ್ಬರನ್ನೂ ಕೇಳಿ. ಕೆಲವರು ಒಳ್ಳೆ ರೇಟು ಬರಲಿ ಅಂತ ಚೀಲ ಕಟ್ಟಿಟ್ಟು ಕಾಯುತ್ತಾರೆ. ಅವರ ತಿಂಗಳು ಬೇರೆ. ಪಿಂಚಣಿಯವರಿಗೆ, ಸಂಬಳದವರಿಗೆ ತಿಂಗಳ ಕಂತು ಬ್ಯಾಂಕ್ ಖಾತೆಯಿಂದ ತಾನಾಗಿ ಹೋಗುವ ಹಾಗೆ ಮಾಡಿಸಿ. ಕಂತಿನ ಮೊತ್ತವನ್ನು ಕಾಫಿಗೆ ಒಳ್ಳೆ ರೇಟು ಸಿಕ್ಕ ವರ್ಷದ ಲೆಕ್ಕದಲ್ಲಿ ನಿಗದಿ ಮಾಡಬೇಡಿ. ರೇಟು ಇಳಿದ ವರ್ಷವೂ ಕಟ್ಟಲು ಆಗುವಷ್ಟೇ ಇರಲಿ.

ಹಂತ 9: ದುಡ್ಡು, ರಸೀದಿ, ತೆರಿಗೆ

ಗಿರಾಕಿಯ ದುಡ್ಡು ನಿಮ್ಮ ಜೇಬಿಗೆ ಬರದಿರುವುದೇ ಒಳ್ಳೆಯದು. ಅವರ ಫೋನಿನಿಂದ, ಅವರ ಖಾತೆಯಿಂದ ನೇರ ಕಂಪನಿಗೆ ಹೋಗಲಿ. ಕಂಪನಿ ಅಧಿಕಾರ ಕೊಟ್ಟು ನೀವು ಹಣ ಪಡೆದರೆ, ಕಾನೂನಿನ ಪ್ರಕಾರ ರಜಾ ದಿನ ಬಿಟ್ಟು 24 ಗಂಟೆಯೊಳಗೆ ಕಂಪನಿಗೆ ಕಟ್ಟಬೇಕು. ಹಣ ಕಂಪನಿಗೆ ತಲುಪುವ ತನಕ ರಕ್ಷಣೆ ಶುರುವಾಗುವುದಿಲ್ಲ. ಶುಕ್ರವಾರ ಸಂತೆಯಲ್ಲಿ ಸಿಕ್ಕ ಸ್ಕೂಟರ್ ಪಾಲಿಸಿ ದುಡ್ಡನ್ನು ಸೋಮವಾರ ಕಟ್ಟಿದರೆ, ಮಧ್ಯದಲ್ಲಿ ಅಪಘಾತವಾದರೆ ಏನು ಹೇಳುತ್ತೀರಿ?

"ಮೊದಲ ಕಂತಿನಲ್ಲಿ ನಿಮ್ಮ ಕಮಿಷನ್ ಬಿಟ್ಟುಕೊಡಿ" ಅಂತ ಕೇಳುವವರು ಇದ್ದೇ ಇರುತ್ತಾರೆ. ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಅದು ಅಪರಾಧ, 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಆ ಸೆಕ್ಷನ್ ಫಾರಂನಲ್ಲೇ ಅಚ್ಚಾಗಿರುತ್ತದೆ, ಬೆರಳಿಟ್ಟು ತೋರಿಸಿ. ಕಮಿಷನ್ ಎಷ್ಟು ಅಂತ ಗಿರಾಕಿ ಕೇಳಿದರೆ ಮುಚ್ಚಿಡಬೇಡಿ, ಹೇಳಬೇಕಾದ್ದು ನಿಯಮ.

ಕಮಿಷನ್ ವರ್ಷಕ್ಕೆ 20,000 ದಾಟಿದರೆ ಟಿಡಿಎಸ್ (ಕಮಿಷನ್ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ, ಪ್ಯಾನ್ ಕೊಟ್ಟಿದ್ದರೆ 2%. ರಿಟರ್ನ್ ಸಲ್ಲಿಸಿದರೆ ಅದು ಲೆಕ್ಕಕ್ಕೆ ಬರುತ್ತದೆ. ಪೆಟ್ರೋಲ್, ಫೋನ್ ಖರ್ಚಿನ ಚೀಟಿಗಳನ್ನು ಒಂದು ಲಕೋಟೆಯಲ್ಲಿ ಹಾಕುತ್ತಾ ಬನ್ನಿ.

ಹಂತ 10: ಮೊದಲ ಕ್ಲೇಮ್

ನೀವು ನಿಜವಾಗಿ ಏಜೆಂಟ್ ಆಗುವುದು ಮೊದಲ ಕ್ಲೇಮ್ ಬಂದ ದಿನ. ಅದಕ್ಕೆ ಮುಂಚೆಯೇ ಸಿದ್ಧತೆ ಬೇಕು.

ವಾಹನದ್ದಾದರೆ: ಗಾಡಿ ಎಳೆಯುವ ಮೊದಲು ಫೋಟೋ, ಕಂಪನಿಗೆ ಫೋನ್. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ಸಿಲ್ವರ್ ಓಕ್ ಮರ ಕಾರಿನ ಮೇಲೆ ಬಿದ್ದರೆ ಸಮಗ್ರ ವಿಮೆಯಲ್ಲಿ ಪರಿಹಾರ ಇದೆ, ಬರೀ ಥರ್ಡ್ ಪಾರ್ಟಿಯಲ್ಲಿ ಇಲ್ಲ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ ಅಂತ ಮೇ ತಿಂಗಳಲ್ಲೇ ಎಲ್ಲ ಗಿರಾಕಿಗಳಿಗೂ ಸಂದೇಶ ಕಳಿಸಿ. ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ, ಎಂಜಿನ್ ರಕ್ಷಣೆ ಸೇರಿಸಿರದಿದ್ದರೆ ಸಾಮಾನ್ಯವಾಗಿ ಹಣ ಸಿಗದು.

ಆಸ್ಪತ್ರೆಯದ್ದಾದರೆ: ನಗದುರಹಿತ ಕೋರಿಕೆಗೆ ಕಂಪನಿ 1 ಗಂಟೆಯೊಳಗೆ ಉತ್ತರ ಕೊಡಬೇಕು, ಬಿಡುಗಡೆ ಹೊತ್ತಿನ ಒಪ್ಪಿಗೆಗೆ 3 ಗಂಟೆ. ತಡವಾದರೆ ಈ ನಿಯಮ ಹೇಳಿ ಕೇಳಿ. ಕಾರ್ಡಿನ ಫೋಟೋ ಗಿರಾಕಿಯ ಫೋನಿನಲ್ಲೂ, ಅವರ ಹೆಂಡತಿ ಇಲ್ಲವೇ ಗಂಡನ ಫೋನಿನಲ್ಲೂ ಇರಲಿ.

ಸಾವಿನ ಮನೆಯಾದರೆ: ಮೊದಲ ದಿನ ಕಾಗದದ ಮಾತು ಬೇಡ. ತಿಥಿ ಮುಗಿದ ಮೇಲೆ ಹೋಗಿ. ಮರಣ ಪ್ರಮಾಣಪತ್ರ, ಮೂಲ ಬಾಂಡ್, ನಾಮಿನಿಯ ಆಧಾರ್, ಬ್ಯಾಂಕ್ ವಿವರ. ಅಪಘಾತವಾದರೆ ಎಫ್‌ಐಆರ್, ಮರಣೋತ್ತರ ವರದಿ. ತನಿಖೆ ಬೇಡದ ಕ್ಲೇಮ್‌ಗೆ 15 ದಿನ, ತನಿಖೆ ಬೇಕಾದ್ದಕ್ಕೆ 45 ದಿನದ ಗಡುವು ಇದೆ. ತಡೆ ಬೀಳುವುದು ಹೆಚ್ಚಾಗಿ ನಾಮಿನಿಯ ಹೆಸರಿನಲ್ಲಿ. ಬಾಂಡಿನಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು. ಮದುವೆಗೆ ಮುಂಚೆ ಮಾಡಿದ ಪಾಲಿಸಿಯಲ್ಲಿ ಇನ್ನೂ ಅಮ್ಮನೇ ನಾಮಿನಿ. ಪ್ರತಿ ವರ್ಷ ಕಂತು ನೆನಪಿಸಲು ಫೋನ್ ಮಾಡುವಾಗ "ನಾಮಿನಿ ಯಾರು ಹಾಕಿದ್ದೀರಿ?" ಅಂತ ಇನ್ನೊಂದು ಪ್ರಶ್ನೆ ಸೇರಿಸಿ. ಬದಲಾವಣೆ ಇದ್ದರೆ ಆ ವಾರವೇ ಮಾಡಿಸಿ.

ಕಂಪನಿ ಕ್ಲೇಮ್ ತಿರಸ್ಕರಿಸಿತು, ನಿಮಗೆ ಅದು ತಪ್ಪು ಅನ್ನಿಸಿತು. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರಹದಲ್ಲಿ ಹೋಗಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. 50 ಲಕ್ಷದವರೆಗಿನ ಪರಿಹಾರದ ವ್ಯಾಜ್ಯಗಳನ್ನು ಅಲ್ಲಿ ನೋಡುತ್ತಾರೆ, ಶುಲ್ಕ ಇಲ್ಲ, ವಕೀಲರು ಬೇಡ. ದೂರು ಕೊಡಬೇಕಾದ್ದು ಗಿರಾಕಿ ಅಥವಾ ನಾಮಿನಿ, ನೀವಲ್ಲ. ನೀವು ಮಾಡಬೇಕಾದ್ದು ಫಾರಂನ ನಕಲು, ರಸೀದಿ, ಕಂಪನಿಯ ಪತ್ರ, ನೀವು ಕಳಿಸಿದ ಸಂದೇಶಗಳು ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ ಅವರ ಕೈಗೆ ಕೊಡುವುದು. ಅದಕ್ಕಾಗಿ ಇವತ್ತಿನಿಂದಲೇ ಪ್ರತಿ ಮನೆಗೆ ಒಂದೊಂದು ಲಕೋಟೆ ಇಡಿ, ಮೇಲೆ ಹೆಸರು, ಊರು, ಕಂತಿನ ತಿಂಗಳು ಬರೆಯಿರಿ. ಮಳೆಗಾಲದಲ್ಲಿ ಗೋಡೆಗೆ ತಾಗದ ಹಾಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟರೆ ಬೂಷ್ಟು ಹಿಡಿಯುವುದಿಲ್ಲ.